ನಜಾರನ ಕುದುರೆ ಕೈಕೊಟ್ಟದ್ದು

ದೋನ್ ನದಿ ತೀರದ ಕಸಾಕ ಸವಾರನಿಗೆ ಸರ್ಕಾರ ಬಂದೂಕು ಕೊಡುತ್ತದೆ, ಸಾಯುವುದಕ್ಕೊಂದು ಕಾರಣ ಕೊಡುತ್ತದೆ. ಕುದುರೆಯನ್ನು ಮಾತ್ರ ಅವನೇ ಮನೆಯಿಂದ ತರಬೇಕು. ರಷ್ಯಾದವರು ಕೆಂಪು ಸೇನೆ, ಬಿಳಿ ಸೇನೆ ಎಂದು ಎರಡಾಗಿ ತಮ್ಮತಮ್ಮಲ್ಲೇ ಕಡಿದಾಡಿದ ಕಾಲ ಅದು. ನಜಾರ್ ಮನೆಯ ಕಂದು ಹೆಣ್ಣುಕುದುರೆ ಏರಿ ಬಿಳಿ ಸೇನೆ ಸೇರಿದ. ತಮ್ಮ ಕುಜ್ಮಾನಿಗೆ ವಯಸ್ಸು ತುಂಬಿದ ವಾರ ಊರಿನಲ್ಲಿ ಕೆಂಪು ಸೇನೆಯಿತ್ತು. ಅವನು ಅದೇ ಕುದುರೆಯ ಬೆಳೆದ ಗಂಡುಮರಿಯನ್ನೇರಿ ಅತ್ತ ಹೋದ. ಅವರವರ ಸಿದ್ಧಾಂತವೆಂದರೆ ಅಷ್ಟೇ. ಅಪ್ಪ ಇಬ್ಬರಿಗೂ ಹೇಳಿದ್ದು ಒಂದೇ ಮಾತು: ಕುದುರೆ ಜೋಪಾನ.

ಕುಜ್ಮಾ ಎಲ್ಲಿದ್ದಾನೆಂಬುದು ನಜಾರನ ದಳದ ಕಪ್ತಾನನ ಕಿವಿಗೆ ಬಿತ್ತು. ಈ ಕಪ್ತಾನ ಭಾಷಣಕ್ಕೆ ಎಲ್ಲರಿಗಿಂತ ಮುಂದೆ, ದಾಳಿಗೆ ಎಲ್ಲರಿಗಿಂತ ಹಿಂದೆ. ತಮ್ಮ ಎದುರಾದರೆ ಏನು ಮಾಡುತ್ತೀಯೆಂದು ಕೇಳಿದ. ಅನುಮಾನ ಬಂದವರನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆಸುವವನ ಮುಂದೆ ಇನ್ನೇನು ಹೇಳಲಾದೀತು? ಕೈಯಾರೆ ಕಡಿಯುತ್ತೇನೆಂದು ನಜಾರ್ ಶಿಲುಬೆ ಮುಟ್ಟಿ ಆಣೆಯಿಟ್ಟ.

"ನೋಡೇ ಬಿಡ್ತೀನಿ. ನಾಳೆ ನಿನ್ನ ಹಿಂದೆನೇ ಇರ್ತೀನಿ," ಎಂದ ಕಪ್ತಾನ.

ಆ ರಾತ್ರಿ ನಜಾರ್, ಕುಜ್ಮಾ ಎದುರಾಗದಿರಲೆಂದು ನೆನಪಾದ ಸಂತರಿಗೆಲ್ಲ ಹರಕೆ ಹೊತ್ತ. ಸಂತರು ಕೇಳಿಸಿಕೊಂಡರೋ ಏನೋ, ಕುದುರೆಯಂತೂ ಕೇಳಿಸಿಕೊಳ್ಳಲಿಲ್ಲ.

ಮರುದಿನ ಕಹಳೆ ಮೊಳಗಿತು, ಸಾಲು ಹೊರಟಿತು. ಅರ್ಧ ಬಯಲು ದಾಟುವಷ್ಟರಲ್ಲಿ ಹೆಣ್ಣುಕುದುರೆ ಕಿವಿ ನಿಮಿರಿಸಿ ಕೆನೆಯಿತು. ಕೆಂಪು ಸಾಲಿನ ತುದಿಯಿಂದ ಇನ್ನೊಂದು ಕೆನೆತ ಬಂತು. ಆಮೇಲೆ ಲಗಾಮಿಗೆ ಕಿಮ್ಮತ್ತೇ ಉಳಿಯಲಿಲ್ಲ. ತನ್ನವರನ್ನೇ ತಳ್ಳಿಕೊಂಡು, ಸಾಲು ಮುರಿದು, ಅದು ನಜಾರನೊಬ್ಬನನ್ನೇ ಶತ್ರುಗಳ ನಡುವೆ ಹೊತ್ತು ತಂದು ನಿಲ್ಲಿಸಿತು. ತಾಯಿ ಮಗ ಮೂತಿಗೆ ಮೂತಿ ಉಜ್ಜುತ್ತ ನಿಂತವು. ಮೇಲೆ ಅಣ್ಣ ತಮ್ಮ ಕತ್ತಿ ಎತ್ತಿಕೊಂಡು ಪೆದ್ದರ ಹಾಗೆ ಕೂತಿದ್ದರು.

"ಅಮ್ಮ ಹೇಗಿದಾಳೆ?" ಎಂದ ಕುಜ್ಮಾ.

"ಮೊದ್ಲು ಹೊಡಿಯೋ. ಹಿಂದೆ ಕಪ್ತಾನ ನೋಡ್ತಿದಾನೆ."

ಚಿಕ್ಕಂದಿನಲ್ಲಿ ಕೋಲು ಹಿಡಿದು ಆಡಿದ ಹಾಗೆ ಇಬ್ಬರೂ ಕತ್ತಿಗೆ ಕತ್ತಿ ಬಡಿದರು. ನಾಟಕ ಚೆನ್ನಾಗಿಯೇ ಸಾಗಿತ್ತು. ಆದರೆ ಆಯುಷ್ಯದಲ್ಲಿ ಮೊದಲ ಸಲ ಕಪ್ತಾನನಿಗೆ ಶೌರ್ಯ ಉಕ್ಕಿ, ನೆರವಿಗೆಂದು ದೂರದಿಂದಲೇ ಪಿಸ್ತೂಲು ಹಾರಿಸಿದ. ಗುಂಡು ಮರಿಯ ಕುತ್ತಿಗೆಗೆ ಬಿತ್ತು. ಕುಜ್ಮಾ ಉರುಳಿ ಎದ್ದು ಪಕ್ಕದ ಕೊರಕಲಿಗೆ ಹಾರಿದ. "ಅಣ್ಣಾ, ಅಪ್ಪನಿಗೆ ನೀನೇ ಹೇಳು," ಎಂದು ಅಲ್ಲಿಂದಲೇ ಕೂಗಿದ.

ಅಷ್ಟರಲ್ಲಿ ಬಿಳಿ ಸೇನೆ ಬೆನ್ನು ತೋರಿಸಿತು. ಈ ಸಲ ಕಪ್ತಾನ ಎಲ್ಲರಿಗಿಂತ ಮುಂದಿದ್ದ. ಹೆಣ್ಣುಕುದುರೆ ಸತ್ತ ಮರಿಯನ್ನು ಬಿಟ್ಟು ಕದಲಲಿಲ್ಲ. ನಜಾರ್ ಬೇಡಿದ, ಬೈದ, ಕೊನೆಗೆ ಅಳುತ್ತಲೇ ಜೀನು ಬಿಚ್ಚಿಕೊಂಡು ಓಡಿದ.

ಒಬ್ಬನೇ ಶತ್ರುಪಡೆಗೆ ನುಗ್ಗಿದ ಸಾಹಸಕ್ಕೆಂದು ಕಪ್ತಾನ ಅವನ ಎದೆಗೆ ಪದಕ ಚುಚ್ಚಿದ. ಕುದುರೆಯಿಲ್ಲದ ಕಸಾಕ ಕಾಲಾಳು ಎಂಬುದು ನಿಯಮ, ಹಾಗಾಗಿ ಅಂದೇ ಕಾಲಾಳುಗಳ ದಂಡಿಗೆ ಅಟ್ಟಿದ. ಎದೆಯ ಮೇಲೆ ಪದಕ, ಹೆಗಲ ಮೇಲೆ ಜೀನು ಹೊತ್ತು ಬಂದವನನ್ನು ಕಂಡು ಅಲ್ಲಿಯವರು ಬಿದ್ದುಬಿದ್ದು ನಕ್ಕರು.

"ಏನ್ ಸಾಹೇಬ್ರೆ, ಕುದುರೆ ಎಲ್ಲಿ ಬಿಟ್ಬಂದ್ರಿ?" ಎಂದ ಒಬ್ಬ.

"ಮಗನ ಹತ್ರ ಉಳ್ಕೊಂಡ್ಳು," ಎಂದ ನಜಾರ್.