ತೂಬಿನ ಎರಡು ಬೀಗ

ಬೆಳಗಿನ ಹನ್ನೊಂದು ಗಂಟೆಗೆ ಸರೋವರದ ನೀರು ಅಳತೆ ಕಂಬದ ಕೆಂಪು ಗೆರೆ ಮುಟ್ಟಿತು. ಹನ್ನೊಂದೂವರೆಗೆ ಗೆರೆಯೇ ಕಾಣದಾಯಿತು. ಕೆಳಸಾಲಿನ ಹದಿನಾಲ್ಕು ಮನೆಯವರೂ ತಕ್ಕಡಿ ಮೇಡಂ ಮನೆ ಮುಂದೆ ಬಂದು, ಬೀಗದ ಕೈ ತಗೊಂಡು ಹೊರಡಿ, ಮೇಲ್ಸಾಲಿನ ಡಾಕ್ಟರಿಗೆ ಫೋನ್ ಮಾಡಿ ಅಂತ ದುಂಬಾಲು ಬಿದ್ದರು. ಮಾಡ್ತೀನಿ ಮಾಡ್ತೀನಿ ಅನ್ನುತ್ತಾ ಒಳಗೆ ಹೋದವಳು ಹತ್ತು ನಿಮಿಷವಾದರೂ ಹೊರಗೆ ಬರಲಿಲ್ಲ. ಬೇರೆ ದಿನವಾಗಿದ್ದರೆ ನೀರು ಗೆರೆ ಮುಟ್ಟುವ ಮೊದಲೇ ತೂಬಿನ ಹತ್ತಿರ ಹೋಗಿ ಸೊಂಟಕ್ಕೆ ಕೈಕೊಟ್ಟು ನಿಲ್ಲುವ ಹೆಂಗಸು. ಇವತ್ತೇನಾಗಿದೆ ಇವರಿಗೆ ಅಂತ ಜನ ಮುಖ ಮುಖ ನೋಡಿಕೊಂಡರು.

ಆಗಿದ್ದನ್ನು ಮುಚ್ಚಿಟ್ಟು ಏನು ಮಾಡೋದು, ಹೇಳಿಬಿಡೋಣ. ತೂಬಿನ ಪೆಟ್ಟಿಗೆಯೊಳಗೆ ಅವಳೇ ಹೊಡೆದಿಟ್ಟ ಒಂದು ಕಬ್ಬಿಣದ ಪಟ್ಟಿ ಇತ್ತು. ಅದನ್ನು ತೆಗೆಯುವ ತನಕ ಹಲಗೆ ಮೇಲೆ ಬರುವುದಿಲ್ಲ, ಹಲಗೆ ಬಾರದೆ ನೀರು ಇಳಿಯುವುದಿಲ್ಲ. ಈ ವಿಷಯ ಗೊತ್ತಿದ್ದವಳು ಲೋಕದಲ್ಲಿ ಅವಳೊಬ್ಬಳೇ.

ಸರೋವರದ ದಂಡೆಯಲ್ಲಿ ಮನೆಗಳದ್ದು ಎರಡು ಸಾಲು. ಮೇಲ್ಸಾಲಿನವರು ದಿಬ್ಬದ ಮೇಲಿದ್ದಾರೆ, ದೋಣಿ ಇಟ್ಟುಕೊಂಡಿದ್ದಾರೆ, ನೀರು ತುಂಬಿದ್ದರೇ ಅವರಿಗೆ ಸಂತೋಷ. ಕೆಳಸಾಲಿನವರ ಅಂಗಳದಿಂದ ನೀರಿಗೆ ಎರಡು ಮೆಟ್ಟಿಲು, ನೀರು ಇಳಿದಿದ್ದರೇ ಅವರಿಗೆ ನಿದ್ದೆ. ದೋಣಿಕಟ್ಟೆ, ಈಜುವ ಮೆಟ್ಟಿಲು, ಕುರ್ಚಿ ಹಾಕುವ ಹುಲ್ಲುಹಾಸು ಎಲ್ಲಾ ಇಬ್ಬರಿಗೂ ಸೇರಿದ್ದು. ಹಾಗೆ ಸೇರಿದ್ದಕ್ಕೇ ಸಂಘದ ನಿಯಮ ಮೂವತ್ತೊಂದು. ನಾಯಿಯನ್ನು ಎಲ್ಲಿ ತೊಳೆಯಬೇಕು, ಬಾತುಕೋಳಿಗೆ ಬ್ರೆಡ್ ಯಾಕೆ ಹಾಕಬಾರದು, ಒದ್ದೆ ಟವೆಲ್ ಯಾವ ಕಂಬಿಗೆ ಒಣಹಾಕಬೇಕು, ಎಲ್ಲದಕ್ಕೂ ನಿಯಮ. ಇವುಗಳಲ್ಲಿ ಜಗಳ ಹತ್ತಿದ್ದೆಲ್ಲ ಒಂದಕ್ಕೇ, ನೀರಿನ ಮಟ್ಟಕ್ಕೆ. ಸರೋವರದ ಮೂಲೆಯ ತೂಬಿನಲ್ಲಿ ಕಲ್ಲಿನ ಗಾಡಿ, ಅಂದರೆ ಉದ್ದನೆಯ ಸೀಳು. ಅದರೊಳಗೆ ಒಂದರ ಮೇಲೊಂದು ಏಳು ಹಲಗೆ. ಎಂಟನೆಯದು ಇಳಿಸಿದರೆ ನೀರು ಏರುತ್ತದೆ, ಏಳನೆಯದು ಎತ್ತಿದರೆ ಇಳಿಯುತ್ತದೆ. ಕದ್ದು ಇಳಿಸಿದರು, ಕದ್ದು ಎತ್ತಿದರು ಅಂತ ವರ್ಷಗಟ್ಟಲೆ ಕಚ್ಚಾಡಿ, ಕೊನೆಗೆ ಗಾಡಿಯ ಬಾಯಿಗೆ ಕಬ್ಬಿಣದ ಪೆಟ್ಟಿಗೆ ಕೂರಿಸಿ ಎರಡು ಬೀಗ ಹಾಕಿದರು. ಒಂದು ಸಾಲಿಗೆ ಒಂದು ಬೀಗದ ಕೈ. ಇಬ್ಬರೂ ಎದುರಿಗೆ ನಿಂತೇ ತೆಗೆಯಬೇಕು. ಆ ನಿಯಮ ಬರೆದವಳು ತಕ್ಕಡಿಯೇ.

ತಕ್ಕಡಿ ಅನ್ನುವುದು ಊರು ಇಟ್ಟ ಹೆಸರು. ಮೂವತ್ತು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಅಂಗಡಿ ಅಂಗಡಿ ತಿರುಗಿ ಕಲ್ಲು, ಪಾವು, ಮೀಟರ್ ಕೋಲು ಪರೀಕ್ಷಿಸಿ ಮುದ್ರೆ ಒತ್ತಿದವಳು. ಒಂದು ಗುಲಗಂಜಿ ಹೆಚ್ಚುಕಮ್ಮಿ ಇದ್ದರೂ ಜಪ್ಪಯ್ಯ ಅಂದರೂ ಮುದ್ರೆ ಬೀಳುತ್ತಿರಲಿಲ್ಲ. ನಿವೃತ್ತಿಯಾಗಿ ಇಲ್ಲಿಗೆ ಬಂದಾಗ ಅವಳ ಹತ್ತಿರ ಆಸ್ತಿ ಅಂತ ಇದ್ದದ್ದು ಈ ಪುಟ್ಟ ಮನೆ ಮತ್ತು ಆ ಹೆಸರು. ಮನೆಗಿಂತ ಹೆಸರಿನ ಮೇಲೇ ಅವಳಿಗೆ ಜೀವ. ಕೆಳಸಾಲಿನವರು ಕಣ್ಣುಮುಚ್ಚಿ ಕೀಲಿಯನ್ನು ಅವಳ ಕೈಗಿಟ್ಟಿದ್ದೂ ಆ ಹೆಸರು ನೋಡಿಯೇ.

ಮೇಲ್ಸಾಲಿನ ಕೀಲಿ ಅವಳ ಭಾವನ ಹತ್ತಿರ. ಸ್ವಂತ ಅಕ್ಕನ ಗಂಡ, ಹಲ್ಲಿನ ಡಾಕ್ಟರು. ತಾಯಿ ಹೋದ ಮೇಲೆ ಜಡೆ ಹಾಕಿ, ಪಾಠ ಹೇಳಿಕೊಟ್ಟು, ತಾನು ಓದು ಬಿಟ್ಟು ಇವಳನ್ನು ಓದಿಸಿದ ಅಕ್ಕ. ಆ ಮನೆಯ ಗಂಡಸು ಬೇರೆ, ತಾನು ಬೇರೆ ಅಂತ ತಕ್ಕಡಿಗೆ ಎಂದೂ ಅನ್ನಿಸಿರಲಿಲ್ಲ, ಈ ಕೀಲಿ ಬರುವವರೆಗೆ.

ಬೇಸಿಗೆಯಲ್ಲಿ ಅವಳಿಗೊಂದು ದವಡೆ ಹಲ್ಲು ನೋವು. ಭಾವನ ಕುರ್ಚಿಯ ಮೇಲೆ ಬಾಯಿ ಕಳೆದುಕೊಂಡು ಮುಕ್ಕಾಲು ಗಂಟೆ ಮಲಗಿದ್ದಳು. ಕೈಚೀಲ ಪಕ್ಕದ ಮೇಜಿನ ಮೇಲಿತ್ತು, ಅದರೊಳಗೆ ಕೀಲಿ. ಭಾವ ಹಲ್ಲಿನ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಹಿಟ್ಟು ಕಲಸುತ್ತಿದ್ದರು. ಮನೆಗೆ ಬಂದು ಚೀಲ ತೆಗೆದರೆ ಕೀಲಿಯ ಹಲ್ಲಿನ ಸಂದಿಯಲ್ಲಿ ಏನೋ ಗುಲಾಬಿ ಚೂರು. ಅದು ಹಿಟ್ಟೋ, ಚೀಲದೊಳಗಿನ ಸೋಪೋ, ದೇವರೇ ಬಲ್ಲ. ಆದರೆ ಸುಳ್ಳು ತೂಕ ಹುಡುಕಿ ಹುಡುಕಿ ಸವೆದ ಕಣ್ಣು ಅದು, ಕಂಡದ್ದೆಲ್ಲ ಮೋಸವಾಗಿಯೇ ಕಾಣುತ್ತದೆ. ಭಾವ ನನ್ನ ಕೀಲಿಯ ಅಚ್ಚು ತೆಗೆದರು, ಇನ್ನು ಎಂಟನೇ ಹಲಗೆ ಇಳಿಸುತ್ತಾರೆ ಅಂತ ತೀರ್ಮಾನ ಮಾಡಿಬಿಟ್ಟಳು. ಮರುವಾರ ಇಬ್ಬರೂ ಸೇರಿ ಪೆಟ್ಟಿಗೆ ತೆಗೆದು ಗಾಡಿಗೆ ಗ್ರೀಸು ಹಚ್ಚುವ ದಿನ. ರೋಗಿಯೊಬ್ಬರ ಫೋನು ಬಂತು, ಭಾವ ನಾಲ್ಕು ಹೆಜ್ಜೆ ಆಚೆ ಹೋದರು. ಅಷ್ಟರಲ್ಲಿ ಚೀಲದಲ್ಲಿ ತಂದಿದ್ದ ಅಂಗೈಯಗಲದ ಪಟ್ಟಿಯನ್ನು ಏಳನೇ ಹಲಗೆಯ ತಲೆಯ ಮೇಲೆ ಗಾಡಿಗೆ ಅಡ್ಡ ಇಟ್ಟು ಪೆಟ್ಟಿಗೆಯ ತೂತುಗಳಿಗೆ ಎರಡು ಸ್ಕ್ರೂ ತಿರುಗಿಸಿ ಮೇಲೆ ಗ್ರೀಸು ಬಳಿದುಬಿಟ್ಟಳು. ಹೊಸ ಹಲಗೆ ಒಳಗೆ ಹೋಗದಿದ್ದರೆ ಸರಿ. ಮಳೆಗಾಲಕ್ಕೆ ಮುಂಚೆ ಮತ್ತೆ ಗ್ರೀಸಿನ ದಿನ ಬರುತ್ತದಲ್ಲ, ಆಗ ಮೆಲ್ಲಗೆ ತೆಗೆದರಾಯಿತು ಅಂತ ಲೆಕ್ಕ.

ಆ ಗ್ರೀಸಿನ ದಿನ ಬರಲೇ ಇಲ್ಲ. ನಡುವೆ ಸಂಘದ ಸಭೆ ಬಂತು. ಕಂಬದಲ್ಲಿ ನೀರು ಎರಡು ಬೆರಳು ಜಾಸ್ತಿ ಇದೆ ಅಂತ ಯಾರೋ ಎತ್ತಿದರು. ತಕ್ಕಡಿ ಎದ್ದು ನಿಂತು, ಅರವತ್ತು ಜನರ ಎದುರಿಗೆ, ಹಲ್ಲಿನ ಹಿಟ್ಟಿನಲ್ಲಿ ನನ್ನ ಕೀಲಿ ಅಚ್ಚು ತೆಗೆದು ಎಂಟನೇ ಹಲಗೆ ಇಳಿಸಿದ ಕಳ್ಳ ಇಲ್ಲೇ ಕೂತಿದ್ದಾನೆ ಅಂತ ಭಾವನ ಕಡೆ ಬೆರಳು ತೋರಿಸಿದಳು. ಕೆಳಸಾಲು ಚಪ್ಪಾಳೆ ತಟ್ಟಿತು. ತಕ್ಕಡಿ ಹೇಳಿದ ಮೇಲೆ ಮುಗಿಯಿತು, ಪೆಟ್ಟಿಗೆ ತೆಗೆದು ನೋಡುವ ಅಂತ ಕೂಡ ಯಾರೂ ಅನ್ನಲಿಲ್ಲ. ಭಾವ ಎದ್ದು ಹೋದರು. ಅವರ ಕ್ಲಿನಿಕ್ಕಿಗೆ ಕೆಳಸಾಲಿನವರು ಹೋಗುವುದು ನಿಂತಿತು, ಇಬ್ಬರೂ ಸೇರಿ ಗ್ರೀಸು ಹಚ್ಚುವುದೂ ನಿಂತಿತು. ಅಕ್ಕ ಮಾತು ಬಿಟ್ಟಳು. ಇದಾಗಿ ನಾಲ್ಕು ತಿಂಗಳು.

ಈಗ ಮೇಲಿನ ಗುಡ್ಡಗಳಲ್ಲಿ ಮೂರು ದಿನದಿಂದ ಹುಯ್ಯುತ್ತಿರುವ ಮಳೆ ಎಲ್ಲಾ ಇಲ್ಲಿಗೇ ಬರುತ್ತಿತ್ತು. ಹಿಂದಿನ ಬಾಗಿಲಿನಿಂದ ತಕ್ಕಡಿ ಹೊರಬಿದ್ದಳು, ಕೈಚೀಲದಲ್ಲಿ ಕೀಲಿಯ ಜೊತೆ ಒಂದು ಸ್ಕ್ರೂಡ್ರೈವರ್. ಭಾವ ಈ ಹೊತ್ತಿಗೆ ಕ್ಲಿನಿಕ್ಕಿನಲ್ಲಿರುತ್ತಾರೆ, ಅಕ್ಕನಿಂದ ಅವರ ಕೀಲಿ ಇಸಕೊಂಡು ಒಬ್ಬಳೇ ಹೋಗಿ ಪಟ್ಟಿ ಬಿಚ್ಚಿಬಿಟ್ಟರೆ ಹೆಸರೂ ಉಳಿಯುತ್ತದೆ, ಮನೆಗಳೂ ಉಳಿಯುತ್ತವೆ. ಅದೊಂದೇ ದಾರಿ ಅವಳಿಗೆ ಕಂಡದ್ದು.

ಅಕ್ಕ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ತಂಗಿಯನ್ನು ನೋಡಿ ಚಾಕು ಕೆಳಗಿಡಲಿಲ್ಲ, ಕೂತ್ಕೋ ಅನ್ನಲೂ ಇಲ್ಲ. ತಕ್ಕಡಿ ನಿಂತೇ ಹೇಳಿದಳು, ನೀರು ಗೆರೆ ದಾಟಿದೆ, ಭಾವನಿಗೆ ಯಾಕೆ ತೊಂದರೆ, ಕೀಲಿ ಕೊಟ್ಟರೆ ನಾನೇ ಹೋಗಿ ತೆಗೀತೀನಿ ಅಂತ. ಅಕ್ಕ ಹೆಚ್ಚುವುದು ನಿಲ್ಲಿಸಿದಳು. ಇಬ್ಬರೂ ಎದುರಿಗೆ ಇರಬೇಕು ಅಂತ ಬರೆದವಳು ನೀನಲ್ಲವಾ, ಅಂದಳು. ಹೊತ್ತಿಲ್ಲ ಅಕ್ಕಾ ಅಂದರೆ, ಕಳ್ಳನ ಕೀಲಿ ಒಬ್ಬಳೇ ಇಟ್ಕೊಂಡು ನಾಳೆ ಇನ್ನೇನು ಹೊರಿಸ್ತೀಯೋ ಯಾರಿಗೆ ಗೊತ್ತು ಅಂತ ತಣ್ಣಗೆ ಹೇಳಿ, ಕೈ ಒರೆಸಿಕೊಂಡು ಗಂಡನಿಗೆ ಫೋನು ಮಾಡಿದಳು.

ಭಾವ ಕುರ್ಚಿಯಲ್ಲಿದ್ದ ರೋಗಿಯನ್ನು ಹಾಗೇ ಬಿಟ್ಟು ಬಿಳಿ ಕೋಟಿನಲ್ಲೇ ಓಡಿಬಂದರು. ಮೂವರೂ ತೂಬಿನ ಹತ್ತಿರ ಹೋಗುವಷ್ಟರಲ್ಲಿ ಕೆಳಸಾಲಿನವರು ಅಲ್ಲಿ ನೆರೆದಿದ್ದರು. ತುದಿಮನೆಯ ಬಡಗಿಯ ಅಂಗಳಕ್ಕೆ ನೀರು ಬಂದು, ಅವನು ಪ್ಯಾಂಟು ಮಡಿಚಿಕೊಂಡು ನಿಂತಿದ್ದ. ಒಳಗೆ ಅವನ ಹೆಂಡತಿ ಹಾಸಿಗೆಗಳನ್ನು ಮೇಜಿನ ಮೇಲೆ ಎತ್ತಿಡುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಇನ್ನು ಒಂದು ಗೇಣು ಏರಿದರೆ ಹೊಸ್ತಿಲು.

ಎರಡು ಬೀಗವೂ ಬಿಚ್ಚಿದವು. ಪೆಟ್ಟಿಗೆಯ ಮುಚ್ಚಳ ಎತ್ತುತ್ತಿದ್ದ ಹಾಗೆ ತಕ್ಕಡಿ ಮುಂದೆ ನುಗ್ಗಿ, ನಾನು ಕೈ ಹಾಕ್ತೀನಿ, ನೀವು ಸ್ವಲ್ಪ ಸರ್ಕೊಳ್ಳಿ ಭಾವ ಅಂದು ಮಂಡಿಯೂರಿದಳು. ಒಳಗೆ ಮೊಣಕೈವರೆಗೆ ನೀರು, ಕದಡಿದ ನೀರು. ಕೈಚೀಲವನ್ನು ಮರೆ ಮಾಡಿಕೊಂಡು ಸ್ಕ್ರೂ ಎಲ್ಲಿದೆ ಅಂತ ಬೆರಳಲ್ಲೇ ತಡಕಿದಳು. ಒಂದು ಸಿಕ್ಕಿತು. ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ಜಾರಿತು, ಮತ್ತೆ ಜಾರಿತು. ಸೆಳೆತಕ್ಕೆ ಕೈ ಮರಗಟ್ಟುತ್ತಿತ್ತು. ಏನ್ ಮೇಡಂ ಇಷ್ಟು ಹೊತ್ತು ಅಂತ ಹಿಂದಿನಿಂದ ಬಡಗಿ. ಅವಳು ಸ್ಕ್ರೂಡ್ರೈವರನ್ನು ಚೀಲದೊಳಕ್ಕೆ ತಳ್ಳಿದಳು. ಭಾವ ಅವಳ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಉದ್ದನೆಯ ಕೊಕ್ಕೆಯನ್ನು ಹಲಗೆಯ ಬಳೆಗೆ ಸಿಕ್ಕಿಸಿ ಎಳೆದರು. ಅಲುಗಲಿಲ್ಲ. ಇನ್ನಿಬ್ಬರು ಕೈ ಸೇರಿಸಿದರು, ಮೂವರ ಮುಖವೂ ಕೆಂಪೇರಿತು, ಹಲಗೆ ಮಾತ್ರ ಕೂತಲ್ಲೇ ಕೂತಿತ್ತು.

ನೆಂದು ಊದಿಕೊಂಡಿದೆ ಅಂತ ಬಡಗಿ ತೀರ್ಪು ಕೊಟ್ಟ. ಮರದ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ. ಹಾರೆ ತಂದು ಮೀಟೋಣ, ಕಲ್ಲು ಒಡೆದರೂ ಒಡೀಲಿ ಅಂದು ಮನೆ ಕಡೆ ಓಡಿದ, ಹಾರೆ ಹಿಡಿದುಕೊಂಡೇ ಬಂದ. ಕಲ್ಲು ಒಡೆದರೆ ಏಳೂ ಹಲಗೆ ಒಟ್ಟಿಗೇ ಕಿತ್ತುಕೊಂಡು ಹೋಗುತ್ತವೆ, ತೂಬಿನ ನೀರು ಬೀಳುವ ಹಳ್ಳದ ಆಚೆ ದಂಡೆಯ ಮನೆಗಳು ಸರೋವರದ ಬಾಯಿಗೆ ಬೀಳುತ್ತವೆ. ಇದು ತಕ್ಕಡಿಗೆ ಗೊತ್ತು, ಭಾವನಿಗೂ ಗೊತ್ತು. ಬೇಡ ಬೇಡ ಅಂತ ಭಾವ ಅಡ್ಡ ನಿಂತರೆ, ನಿಮ್ಮ ದೋಣಿಗೆ ನೀರು ಕಮ್ಮಿ ಆಗುತ್ತೆ ಅಂತಾನಾ ಅಂತ ಯಾರೋ ಕೂಗಿದರು. ಬಡಗಿ ಅವರನ್ನು ಪಕ್ಕಕ್ಕೆ ತಳ್ಳಿ ಹಾರೆಯ ಮೊನೆಯನ್ನು ಗಾಡಿಯ ಅಂಚಿಗೆ ಇಟ್ಟ.

ತಕ್ಕಡಿ ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕಲ್ಲು ಒಡೆಯುತ್ತದೆ, ಪಟ್ಟಿ ಕೊಚ್ಚಿಹೋಗುತ್ತದೆ, ತಪ್ಪು ಬಡಗಿಯದ್ದಾಗುತ್ತದೆ. ಈ ಲೆಕ್ಕ ಒಂದು ಉಸಿರಿನಷ್ಟು ಹೊತ್ತು ಅವಳ ತಲೆಯಲ್ಲಿ ಓಡಿದ್ದು ನಿಜ. ಆಮೇಲೆ ಅವಳು ಹಾರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಊದಿಕೊಂಡಿಲ್ಲ," ಅಂದಳು. "ಮೇಲೆ ಪಟ್ಟಿ ಇದೆ. ಹೊಡೆದಿದ್ದು ನಾನು."

ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಭಾವನ ಕೈಗಿಟ್ಟಳು. ಜನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಭಾವನಿಗೆ ತಕ್ಷಣ ಅರ್ಥವಾಯಿತು. ಅವರು ಅವಳ ಮುಖ ನೋಡಲಿಲ್ಲ, ಬಿಳಿ ಕೋಟಿನಲ್ಲೇ ಹೊಟ್ಟೆ ಅಡಿಯಾಗಿ ಮಲಗಿ ಭುಜದವರೆಗೂ ಕೈ ಇಳಿಬಿಟ್ಟರು. ಕಾಣದ ಜಾಗದಲ್ಲಿ ಬೆರಳಲ್ಲೇ ನೋಡುವುದು ಅವರ ಕಸುಬು. ಮೊದಲನೇ ಸ್ಕ್ರೂ ಬಂತು. ಎರಡನೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಅದನ್ನು ಹಲ್ಲಿನ ಹಾಗೇ ಅತ್ತ ಇತ್ತ ಆಡಿಸಿ ಆಡಿಸಿ ಕಿತ್ತರು. ಪಟ್ಟಿ ಈಚೆ ಬಂತು. ಕೊಕ್ಕೆ ಹಾಕಿ ಎಳೆದರೆ ಏಳನೇ ಹಲಗೆ ಸರ್ರನೆ ಮೇಲೆದ್ದಿತು, ಅದರ ಹಿಂದೆಯೇ ನೀರು ಭೋರ್ಗರೆದು ಹಳ್ಳಕ್ಕೆ ಧುಮುಕಿತು.

ಅರ್ಧ ಗಂಟೆಯಲ್ಲಿ ಬಡಗಿಯ ಅಂಗಳದಲ್ಲಿ ಹುಲ್ಲು ಕಾಣಿಸಿತು. ಜನಕ್ಕೆ ಹೋದ ಜೀವ ಬಂದಂತಾಯಿತು. ಜೀವ ಬಂದ ಮೇಲೆ ಔದಾರ್ಯವೂ ಬಂತು ನೋಡಿ. ಮೇಡಂ ನಮಗೋಸ್ಕರ ತಾನೇ ಮಾಡಿದ್ದು, ಸ್ವಂತಕ್ಕಾ ಅಂದರು ಒಬ್ಬರು. ತಪ್ಪು ಒಪ್ಪಿಕೊಳ್ಳೋದಕ್ಕೂ ಗುಂಡಿಗೆ ಬೇಕು ಅಂದರು ಇನ್ನೊಬ್ಬರು. ತಕ್ಕಡಿಯಲ್ಲೂ ಒಂದು ಚೂರು ಕಬ್ಬಿಣ ಜಾಸ್ತಿ ಇತ್ತು ಅನ್ನಿ ಅಂತ ಬಡಗಿ ನಗೆಯಾಡಿದ, ನಾಲ್ಕು ಜನ ನಕ್ಕರು. ತಕ್ಕಡಿಗೂ ಒಂದು ಕ್ಷಣ, ಬದುಕಿಕೊಂಡೆ, ಹೆಸರಿಗೆ ಒಂದು ಗೀರು ಬಿತ್ತು ಅಷ್ಟೇ ಅನ್ನಿಸಿತು. ಒದ್ದೆ ಕೈ ಒರೆಸಿಕೊಂಡು ಭಾವನ ಕಡೆ ತಿರುಗಿ, ತಪ್ಪಾಯ್ತು ಅಂದಳು. ಭಾವ ಕೋಟಿನ ಕೆಸರು ಕೊಡವುತ್ತಾ, ಆಯ್ತು ಬಿಡು, ರೋಗಿ ಬಾಯಿ ಕಳಕೊಂಡು ಕೂತಿದ್ದಾರೆ ಅಂದು ಹೊರಟರು.

ಅಕ್ಕ ಹೊರಡಲಿಲ್ಲ. ಅವಳು ಆ ಪಟ್ಟಿಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಹೈಸ್ಕೂಲು ಮುಗಿಸದ ಅಕ್ಕ, ತಂಗಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ಅಕ್ಕ.

"ಇದು ಇದ್ದರೆ ಹಲಗೆ ಈಚೆ ಬರಲ್ಲ," ಅಂದಳು. "ಒಳಗೂ ಹೋಗಲ್ಲ, ಅಲ್ಲವಾ?"

"ಹೋಗಲ್ಲ."

"ಸಭೆ ದಿನ ಇದು ಅಲ್ಲಿತ್ತಾ?"

ಹಿಂದೆ ತಿರುಗಿ ನೋಡದೆ ಹೋಗುತ್ತಿದ್ದ ಭಾವನ ಹೆಜ್ಜೆ ನಿಂತಿತು. ಸಭೆ ಆದಮೇಲೆ ಹೊಡೆದಿದ್ದು ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು, ದಿನಾಂಕ ಕಂಡವರು ಯಾರು? ತಕ್ಕಡಿಗೆ ಆ ಸಭೆಯ ಸಂಜೆ ನೆನಪಾಯಿತು. ಎಂಟನೇ ಹಲಗೆ ಅಂತ ಅರ್ಧ ಹೇಳುವಾಗಲೇ, ಪಟ್ಟಿ ಇರುವಾಗ ಎಂಟನೆಯದು ಹೇಗೆ ಇಳಿಯುತ್ತದೆ ಅಂತ ಅವಳಿಗೆ ಹೊಳೆದಿತ್ತು. ಆದರೆ ಬೆರಳು ಎತ್ತಿ ಆಗಿತ್ತು, ಚಪ್ಪಾಳೆ ಶುರುವಾಗಿತ್ತು. ಅವಳು ಮಾತು ಮುಗಿಸಿಯೇ ಕೂತಿದ್ದಳು.

"ಇತ್ತು," ಅಂದಳು. "ಹೊಡೆದು ಒಂಬತ್ತು ದಿನ ಆಗಿತ್ತು."

"ಅಂದರೆ ಅವರು ಮಾಡಿಲ್ಲ ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು ಅಕ್ಕಾ."

ಅಕ್ಕ ಪಟ್ಟಿಯನ್ನು ತಂಗಿಯ ಕೈಗೆ ಕೊಟ್ಟು, ಬೆರಳುಗಳನ್ನು ಅದರ ಮೇಲೆ ಮಡಿಚಿ, ಗಂಡ ನಿಂತಿದ್ದ ಕಡೆ ನಡೆದಳು. ಇಬ್ಬರೂ ದಿಬ್ಬ ಹತ್ತಿ ಹೋದರು. ಕೆಳಸಾಲಿನವರು ಹಾಸಿಗೆ ಇಳಿಸಬೇಕು, ನೆಲ ಒರೆಸಬೇಕು ಅಂದುಕೊಳ್ಳುತ್ತಾ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಮೇಡಂ ಬನ್ನಿ ಅಂತ ಯಾರೂ ಕರೆಯಲಿಲ್ಲ.