ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ

ಎಣ್ಣೆಯ ಸದ್ದು ಸಣ್ಣಗಾಯಿತು, ಅಂದರೆ ಬಾಳೆಕಾಯಿ ಹದಕ್ಕೆ ಬಂದಿದೆ, ಈಗ ತೆಗೆದು ಹಲಗೆಯಲ್ಲಿ ಒತ್ತಿ ಚಪ್ಪಟೆ ಮಾಡಿ ಮತ್ತೆ ಎಣ್ಣೆಗೆ ಬಿಡಬೇಕು, ಆದರೆ ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡು ಕತ್ತು ನೋಯುತ್ತಿದೆ, ಬಗ್ಗಿದರೆ ಜಾರಿ ಬಾಣಲೆಗೇ ಬೀಳುತ್ತದೆ — ಲೈನಲ್ಲೇ ಇರಿ ದೋನ್ಯಾ ಕಸಿಲ್ದಾ, ನಿಮ್ಮ ಮುಂದೆ ಇನ್ನಿಬ್ರೇ ಇರೋದು, ಅಂದಳು ರೇಡಿಯೋದವರ ಹುಡುಗಿ, ದೋನ್ಯಾ ಅಂತ ಮರ್ಯಾದೆ ಬೇರೆ, ಅಂದು ಎಷ್ಟು ಹೊತ್ತಾಯಿತೋ, ಈಗ ಕಿವಿಯ ತುಂಬ ಸೋಪಿನ ಜಾಹೀರಾತು, ರಮ್ಮಿನ ಜಾಹೀರಾತು, ಸತ್ತವರಿಗೆ ಪೆಟ್ಟಿಗೆ ಮಾಡಿಕೊಡುವವನ ಜಾಹೀರಾತು, ಅವನದೂ ಅದೇ ಕುಣಿಯುವ ರಾಗ. ಬೀದಿಬಾಗಿಲಲ್ಲಿ ಗಿರಾಕಿ ಬಂದು ನಿಂತು, ಕಾಸೀ, ಮೀನು ಉಂಟೋ ಇಲ್ವೋ, ಅನ್ನುತ್ತಾನೆ, ತಡಿಯಯ್ಯಾ, ನಾನು ರೇಡಿಯೋದಲ್ಲಿದೀನಿ, ಅಂದರೆ ನಗುತ್ತಾನೆ, ನೀನು ಅಡುಗೆಮನೇಲಿದೀಯಾ ತಾಯಿ, ನಂಗೆ ಕಾಣ್ತಾ ಇದೆ. ನಗಲಿ. ಪಕ್ಕದ ಕೋಣೆಯಲ್ಲಿ ಅಮ್ಮ ಬೆಳಗಿನಿಂದ ತಲೆ ಬಾಚಿ, ಪೌಡರು ಹಚ್ಚಿ, ಚರ್ಚಿಗೆ ಹಾಕುವ ನೀಲಿ ಉಡುಪು ಹಾಕಿಕೊಂಡು, ರೇಡಿಯೋವನ್ನು ಮಡಿಲಲ್ಲಿ ಮಗುವಿನ ಹಾಗೆ ಕೂರಿಸಿಕೊಂಡು ಕುಳಿತಿದ್ದಾಳೆ. ನಮ್ಮೂರಿನ ಪೆಲಿಕಾನೊ ಬೇಸ್‌ಬಾಲ್ ತಂಡಕ್ಕೆ ಐವತ್ತು ವರ್ಷ ತುಂಬಿತಲ್ಲ, ಅದಕ್ಕೆ ಭಾನುವಾರ ಭಾನುವಾರ ಈ ರಾದಾಮೆಸ್ ರೇಡಿಯೋದಲ್ಲಿ ಊರಿನವರನ್ನೆಲ್ಲ ಕೇಳುತ್ತಾನೆ, ಶುರುವಿನಿಂದ ಇವತ್ತಿನವರೆಗೆ ಎದೆಯ ಮೇಲೆ ತಂಡದ ಹೆಸರಿನ ಹಕ್ಕಿ ಹೆಜ್ಜಾರ್ಲೆಯ ಚಿತ್ರ ಹೊತ್ತು ಆಡಿದವರಲ್ಲಿ ಒಂಬತ್ತು ಜನರನ್ನು ಆರಿಸಿ, ಸತ್ತವರು ಬದುಕಿದವರು ಮುದುಕರಾದವರು ಎಲ್ಲರೂ ಹರೆಯದಲ್ಲಿದ್ದಾರೆ ಅಂದುಕೊಳ್ಳಿ, ಒಂದೇ ದಿನ ಒಂದೇ ಮೈದಾನದಲ್ಲಿ ನಿಲ್ಲಿಸಿ ನೋಡೋಣ. ಹೆಚ್ಚು ಜನ ಹೇಳಿದ ಒಂಬತ್ತು ಮುಖಗಳನ್ನು ಸ್ಟೇಡಿಯಮ್ಮಿನ ಹೊರಗೋಡೆಗೆ ಬಣ್ಣದಲ್ಲಿ ಬರೆಸುತ್ತಾರಂತೆ. ಅಮ್ಮನಿಗೆ ಒಂಬತ್ತು ಬೇಡ, ಒಂದೇ ಸಾಕು. ನಿನ್ನ ತಮ್ಮನ ಹೆಸರು ಹೇಳ್ತೀಯ ತಾನೇ, ಅಂತ ಕಾಫಿ ಕೊಡುವಾಗ ಕೇಳಿದಳು, ನೋಡೋಣಮ್ಮ, ಅಂದೆ, ನೋಡೋದೇನು ಬಂತು, ಹೇಳು.

ಈಗ ಕಿವಿಯಲ್ಲಿ ರಾದಾಮೆಸ್, ಯಾವನೋ ಮುದುಕನ ಜೊತೆ ಜಗಳ ಆಡುತ್ತಿದ್ದಾನೆ, ಮುದುಕ ಹತ್ತು ಹೆಸರು ಹೇಳಿಬಿಟ್ಟಿದ್ದಾನೆ, ತಾತಾ, ಒಬ್ರನ್ನ ಇಳಿಸ್ಬೇಕಲ್ಲ, ಯಾರನ್ನ ಇಳಿಸ್ಲಿ — ಯಾರ್ನೂ ಇಳಿಸ್ಬೇಡ, ನಿಮ್ಮಪ್ಪಂದೇನು ಗಂಟು ಹೋಯ್ತು. ನನಗೆ ಆ ತೊಂದರೆ ಇಲ್ಲ, ನನ್ನ ಎಂಟು ಜನ ಎಂದೋ ಸಿದ್ಧ. ಪಿಚರ್ ಸಿಲ್ವಾನೊ ಮಾತೆಯೊ, ಎಡಗೈಯವನು, ಅವನೆಸೆದ ಚೆಂಡು ಬ್ಯಾಟಿನ ಹತ್ತಿರ ಬಂದು ಏನೋ ಮರೆತವನ ಹಾಗೆ ತಿರುಗುತ್ತಿತ್ತು, ಅವನ ಚೆಂಡು ಹಿಡಿಯಲು ಕ್ಯಾಚರ್ ಡುಮ್ಮ ಬಿಯೆನ್ವೆನಿದೊನೇ ಬೇಕು, ಬೇರೆ ಯಾರಿಗೂ ಆ ಚೆಂಡು ಅರ್ಥವಾಗುತ್ತಿರಲಿಲ್ಲ. ಮೊದಲ ಬೇಸಿಗೆ ಮೆದ್ರಾನೊ, ಬ್ಯಾಟು ಹಿಡಿದರೆ ನಾಲ್ಕನೆಯವನಾಗಿ ಅವನೇ ಬರಬೇಕು, ಅವನಿಗಿಂತ ಮೊದಲು ಬಂದ ಮೂವರು ಬೇಸುಗಳಲ್ಲಿ ಕಾಯುತ್ತಿರುವಾಗ ಅವನು ಹೊಡೆದ ಚೆಂಡು ಕಾರ್ಖಾನೆಯ ಚಿಮಣಿಯ ಕಡೆ ಹೋಗಬೇಕು. ಇದನ್ನೆಲ್ಲ ನನಗೆ ಕಲಿಸಿದವನು ವಾರೊ, ನನ್ನ ತಮ್ಮ, ಎವಾರಿಸ್ತೊ ಅಂತ ಹೆಸರು, ಆ ಹೆಸರಿನಿಂದ ಕರೆದವನು ಪಾದ್ರಿಯೊಬ್ಬನೇ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಣ್ಣಿನಲ್ಲಿ ಕಡ್ಡಿಯಿಂದ ಮೈದಾನ ಗೀಚುತ್ತಾನೆ, ಎರಡನೆಯ ಬೇಸು ಇಲ್ಲಿ, ಮೂರನೆಯದು ಅಲ್ಲಿ, ನಡುವೆ ಒಂದು ಬೆಣಚುಕಲ್ಲು ಇಡುತ್ತಾನೆ, ಇದು ಶಾರ್ಟ್‌ಸ್ಟಾಪ್ ಕಾಸಿ, ಹೊಡೆದ ಚೆಂಡೆಲ್ಲ ಮೊದಲು ಇವನನ್ನೇ ಹುಡುಕ್ಕೊಂಡು ಬರೋದು, ಇವನು ಸರಿ ಇಲ್ದಿದ್ರೆ ಉಳಿದ ಎಂಟು ಜನ ಬಟ್ಟೆ ಒಗೀಬೋದು ನಿನ್ ಜೊತೆ. ನಾನು ಸೋಪಿನ ನೀರು ಎರಚುತ್ತೇನೆ, ಮೈದಾನ ಕರಗುತ್ತದೆ, ಅವನು ನಗುತ್ತಾ ಮತ್ತೆ ಗೀಚುತ್ತಾನೆ. ಒಂಬತ್ತು ಜನರನ್ನು ಆರಿಸುವ ಆಟ ನಮಗೆ ಊಟದ ಹಾಗೆ, ದಿನಾ ಆಡಬೇಕು, ಒಬ್ಬೊಬ್ಬರ ಮೇಲೂ ಜಗಳ, ನೀನು ಒಲಿವೆರೊನ ಮೀಸೆ ನೋಡಿ ಆರಿಸ್ತೀಯ, ಅಂತ ಅವನು, ಮೀಸೆ ಇರೋನಿಗೆ ಎರಡನೇ ಬೇಸು ಆಡೋಕೆ ಬರಬಾರ್ದು ಅಂತ ಇದ್ಯಾ, ಅಂತ ನಾನು — ಒಲಿವೆರೊ ಈಗಲೂ ನನ್ನ ತಂಡದಲ್ಲಿದ್ದಾನೆ, ಮೀಸೆ ಸಮೇತ.

ಬಾಳೆಕಾಯಿ ಒಂದು ಪಕ್ಕ ಕಪ್ಪಾಯಿತು, ಇದನ್ನು ನಾನೇ ತಿನ್ನುತ್ತೇನೆ. ವಾರೊ ಪೆಲಿಕಾನೊ ತಂಡ ಸೇರಿದ್ದು ಮಳೆ ನಿಂತ ಅಕ್ಟೋಬರಿನಲ್ಲಿ, ಆ ವರ್ಷ ಅಮ್ಮ ಬೀದಿಯಲ್ಲಿ ನಡೆಯುವ ರೀತಿಯೇ ಬೇರೆಯಾಗಿತ್ತು, ಮಾರುಕಟ್ಟೆಗೆ ಒಂದು ನಿಂಬೆಹಣ್ಣು ತರಲು ಹೋದರೂ ಅರ್ಧ ದಿನ. ಚೆನ್ನಾಗಿ ಆಡಿದ, ಸುಳ್ಳಲ್ಲ. ಒಂದು ಸಲ ಎಡಕ್ಕೆ ಹಾರಿ, ಮಣ್ಣಿನ ಮೇಲೆ ಹೊಟ್ಟೆ ಎಳೆದುಕೊಂಡು ಹೋಗಿ ಚೆಂಡು ಹಿಡಿದು, ಏಳದೆ ಮೊಣಕಾಲಿನ ಮೇಲೇ ನಿಂತು ಮೊದಲ ಬೇಸಿಗೆ ಎಸೆದನಲ್ಲ, ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಎದ್ದು ನಿಂತಿತು, ನನ್ನ ಪಕ್ಕದ ಹೆಂಗಸು ಗುರುತಿಲ್ಲದ ನನ್ನನ್ನು ತಬ್ಬಿಕೊಂಡಳು, ನನ್ ತಮ್ಮ ಅದು ನನ್ ತಮ್ಮ ಅಂತ ನಾನು ಅವಳ ಕೂದಲೊಳಗೆ ಕಿರುಚಿದೆ. ಆ ಒಂದು ಎಸೆತ ಗೋಡೆಗೆ ಬರೆಯುವಂಥದ್ದೇ. ಆದರೆ ಒಂದು ಎಸೆತದಿಂದ ಶಾರ್ಟ್‌ಸ್ಟಾಪ್ ಆಗುವುದಿಲ್ಲ, ಅವನೇ ಹೇಳಿಕೊಟ್ಟದ್ದು. ಮರುವರ್ಷ ಗುಡ್ಡದ ಕಡೆಯಿಂದ ಅದೇ ಜಾಗಕ್ಕೆ ಲೆಯೊಕಾದಿಯೊ ಪೆಗೆರೊ ಬಂದ, ಗೇಣುದ್ದ ಬೆರಳಿನ ಮೌನಿ, ವಾರೊ ಬೆಂಚಿಗೆ ಹೋದ, ಆಮೇಲೆ ಬೆಂಚೂ ಹೋಯಿತು. ಅಮ್ಮ ತಂಡದ ಮ್ಯಾನೇಜರನ ಏಳು ತಲೆಮಾರಿಗೆ ಶಾಪ ಹಾಕಿದಳು, ವಾರೊ ಹಾಕಲಿಲ್ಲ. ಟಿಕೆಟ್ಟು ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು, ಬಿಸಿಲು ಬೀಳುವ ಕಡೆಯ ಮೆಟ್ಟಿಲಲ್ಲಿ ಕುಳಿತು ಪೆಗೆರೊನ ಆಟ ನೋಡಿದ, ಗುರುತು ಹಿಡಿದವರು ಹಿಂದಿನಿಂದ, ಏನಪ್ಪಾ ವಾರೊ, ಇಲ್ಲಿಂದ ಚೆನ್ನಾಗಿ ಕಾಣುತ್ತಾ, ಅಂದರೆ ತಿರುಗದೆ, ಮನೇಲಿ ನಿನ್ ಹೆಂಡ್ತಿ ಹೇಳಿದ್ಲು ಇಲ್ಲಿಂದ್ಲೇ ಚೆನ್ನಾಗಿ ಕಾಣುತ್ತೆ ಅಂತ, ಅಂದ, ಎಲ್ಲರೂ ನಕ್ಕರು, ಅವನೂ. ಆಮೇಲೆ ಪೆಗೆರೊ ಒಂದು ಚೆಂಡಿಗೆ ಹೋದ, ಹೋದದ್ದು ಕಾಣಲೇ ಇಲ್ಲ, ಚೆಂಡು ಬರುವ ಮೊದಲೇ ಅಲ್ಲಿದ್ದ, ವಾರೊ ನನ್ನ ಮೊಣಕೈ ಹಿಡಿದುಕೊಂಡ, ಅವನ ಕಾಲು ನೋಡಿದ್ಯಾ ಕಾಸಿ, ನಾನು ಹುಟ್ಟಿದಾಗ್ಲಿಂದ ಬೇಡ್ಕೊಂಡಿದ್ದು ಆ ಕಾಲನ್ನ. ಹೊಟ್ಟೆಕಿಚ್ಚಿನಿಂದ ಅಲ್ಲ, ಹೇಗೆ ಹೇಳಲಿ, ಹುಡುಗಿಯೊಬ್ಬಳ ಬಗ್ಗೆ ಹೇಳುವವನ ಹಾಗೆ. ಅವತ್ತು ಮನೆಗೆ ನಡೆದು ಬರುವಾಗ ಒಂಬತ್ತು ಜನರ ಆಟ ಆಡಿದೆವು, ಶಾರ್ಟ್‌ಸ್ಟಾಪ್‌ಗೆ ಬಂದಾಗ ನಾನು, ನೀನೇ, ಅಂದೆ, ಅವನು ನಿಂತುಬಿಟ್ಟ, ಇಲ್ಲ, ಸುಳ್ಳು ಹೇಳೋದಾದ್ರೆ ನಿನ್ ಜೊತೆ ಆಡಲ್ಲ.

ತಗೊಳಯ್ಯಾ ನಿನ್ನ ಮೀನು, ನಿಂಬೆ ಅಲ್ಲೇ ಇದೆ ನೋಡು. ಆಮೇಲೆ ಊರಲ್ಲಿ ಕೆಲಸ ಇಲ್ಲ, ಕಾರ್ಖಾನೆ ಮುಚ್ಚಿತು, ಬೆಟ್ಟದಂಥ ಹುಡುಗರೆಲ್ಲ ಬೀದಿ ಮೂಲೆಯಲ್ಲಿ ಡೊಮಿನೊ ಆಡುತ್ತಾ ಕುಳಿತರು, ಒಬ್ಬೊಬ್ಬರೇ ಕಾಣೆಯಾಗತೊಡಗಿದರು, ಕಾಣೆಯಾದರೆ ಯಾರೂ ಕೇಳುವುದಿಲ್ಲ, ಸಮುದ್ರ ದಾಟಿ ಪುಯೆರ್ತೊ ರಿಕೊಗೆ ಹೋಗಿದ್ದಾನೆ ಅಂತ ಅರ್ಥ. ವಾರೊ ಹೊರಟಾಗ ಅಮ್ಮ ಬ್ರೆಡ್ಡು ಕಟ್ಟಿಕೊಟ್ಟಳು, ಬಾಗಿಲಿಗೆ ಬರಲಿಲ್ಲ, ಬಂದ್ರೆ ಕಾಲು ಹಿಡ್ಕೋತೀನಿ, ನೀನೇ ಹೋಗು, ಅಂದಳು ನನಗೆ. ಬೆಳಕು ಹರಿಯುವ ಹೊತ್ತು, ಮರದ ದೋಣಿ, ದಡದಿಂದ ದೂರ, ಅಲ್ಲಿಯವರೆಗೆ ನೀರಿನಲ್ಲಿ ನಡೆದು ಹೋಗಬೇಕು, ಎಲ್ಲರೂ ಬಟ್ಟೆಯ ಗಂಟನ್ನು ತಲೆಯ ಮೇಲೆ ಎತ್ತಿ ಹಿಡಿದು ಇಳಿಯುತ್ತಿದ್ದಾರೆ, ವಾರೊ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ, ಬಟ್ಟೆ ನೆನೆದರೆ ನೆನೆಯಲಿ, ಬ್ರೆಡ್ಡು ನೆನೆದರೆ ನೆನೆಯಲಿ, ಕೈಯಲ್ಲಿ ಎತ್ತಿ ಹಿಡಿದದ್ದು ಗ್ಲೌಸು, ಚೆಂಡು ಹಿಡಿಯುವ ಚರ್ಮದ ಗ್ಲೌಸು, ಉಪ್ಪುನೀರು ತಾಗಬಾರದು — ಅಷ್ಟೇ, ಆಮೇಲೆ ಏನಿಲ್ಲ. ಒಂದು ಫೋನಿಲ್ಲ, ಸುದ್ದಿಯಿಲ್ಲ, ಇಪ್ಪತ್ತು ವರ್ಷದ ಮೇಲಾಯಿತು. ದೋಣಿ ಮುಟ್ಟಿತು ಅಂದವರಿದ್ದಾರೆ, ಮುಟ್ಟಲಿಲ್ಲ ಅಂದವರೂ ಇದ್ದಾರೆ. ಮೀನುಗಾರ ಬ್ರೀಹಿದೊ ಅಲ್ಲಿಂದ ಬಂದವನು, ಮಾಯಾಗ್ವೆಸ್ ಊರಿನ ಪಾರ್ಕಿನಲ್ಲಿ ಮಕ್ಕಳಿಗೆ ಚೆಂಡು ಎಸೆದುಕೊಡುವ ಒಬ್ಬನನ್ನು ನೋಡಿದೆ, ಹಿಂದಿನಿಂದ ವಾರೊನೇ, ಅಂದ, ಮುಂದಿನಿಂದ ಯಾಕೆ ನೋಡ್ಲಿಲ್ಲ ನೀನು, ಅಂತ ನಾನು ರೇಗಿದೆ, ಬಸ್ಸು ನಿಲ್ಲಲಿಲ್ಲ ಕಣಮ್ಮ. ಅಮ್ಮ ಆ ಬೆನ್ನನ್ನು ಹಿಡಿದುಕೊಂಡು ಬದುಕಿದ್ದಾಳೆ. ಅವನಿಗೆ ನಾಚಿಕೆ, ತಂಡದಿಂದ ತೆಗೆದುಹಾಕಿದ್ರಲ್ಲ, ಯಾವ ಮುಖ ಇಟ್ಕೊಂಡು ಫೋನ್ ಮಾಡ್ತಾನೆ, ಅನ್ನುತ್ತಾಳೆ, ಗಾಳಿ ಸರಿಯಾಗಿದ್ರೆ ನಮ್ ರೇಡಿಯೋ ಆ ದಡದಲ್ಲೂ ಕೇಳ್ಸುತ್ತಂತೆ, ತನ್ನ ಹೆಸರು ಸೇರಿದೆ ಅಂತ ಗೊತ್ತಾದ್ರೆ ನಾಚಿಕೆ ಬಿಟ್ಟು ಬರ್ತಾನೆ. ನಾನು ಏನು ಹೇಳಲಿ, ಹೌದಮ್ಮ ಅನ್ನುತ್ತೇನೆ. ಒಂದು ಹೆಸರು ತಾನೇ, ಹೇಳಿದರೆ ಯಾರ ಗಂಟು ಹೋಗುತ್ತದೆ, ಪೆಗೆರೊಗೆ ಊರೆಲ್ಲ ಹೇಳುತ್ತಾರೆ, ಅವನ ಮುಖ ಗೋಡೆಗೆ ಬಂದೇ ಬರುತ್ತದೆ, ನನ್ನ ಒಂದು ಮಾತು ಅಮ್ಮನಿಗೆ ಇರಲಿ — ಆದರೆ ಅವನು ನಿಜವಾಗಿ ಕೇಳುತ್ತಿದ್ದರೆ, ಆ ದಡದಲ್ಲಿ, ಯಾವುದೋ ಪಾರ್ಕಿನ ಬೆಂಚಿನಲ್ಲಿ, ಸುಳ್ಳು ಹೇಳಿದರೆ ನಿನ್ನ ಜೊತೆ ಆಡಲ್ಲ ಅಂದವನು, ಇನ್ನು ಯಾವತ್ತೂ ಆಡದೆ ಹೋದರೆ.

ಹಲೋ, ಹಲೋ, ಕಾರ್ಖಾನೆ ಹಿಂದಿನ ಬೀದಿಯಿಂದ ದೋನ್ಯಾ ಕಸಿಲ್ದಾ, ಎಲ್ಲಿದೀರಾ, ಏನದು ಚುಂಯ್ ಅಂತ ಸದ್ದು, ನಮಗೂ ಒಂದು ಪಾಲು ಇಡಿ, ಅನ್ನುತ್ತಾನೆ ರಾದಾಮೆಸ್, ಮೊದ್ಲು ನಿಮ್ ಮನೆ ರೇಡಿಯೋ ಸಣ್ಣ ಮಾಡಿ. ಮಾಡೋಕಾಗಲ್ಲಪ್ಪ, ನಮ್ಮಮ್ಮ ಕೇಳ್ತಿದಾಳೆ. ಸರಿ ಹಾಗಾದ್ರೆ, ಅಮ್ಮಂಗೆ ನಮಸ್ಕಾರ, ಹೇಳಿ ನಿಮ್ಮ ಒಂಬತ್ತು. ಒಲೆ ಆರಿಸಿದೆ. ಸಿಲ್ವಾನೊ ಮಾತೆಯೊ ಅಂದೆ, ಬಿಯೆನ್ವೆನಿದೊ, ಮೆದ್ರಾನೊ, ಒಲಿವೆರೊ ಅಂದೆ, ನನ್ನ ಮಾತು ಪಕ್ಕದ ಕೋಣೆಯ ರೇಡಿಯೋದಿಂದ ಸ್ವಲ್ಪ ತಡವಾಗಿ ನನ್ನ ಹಿಂದೆಯೇ ನಡೆದು ಬರುತ್ತಿದೆ, ಮೂರನೆಯ ಬೇಸು ಹೇಳಿದೆ, ಹಿಂದಿನ ಸಾಲಿನ ಮೂವರನ್ನೂ ಹೇಳಿದೆ, ಭೇಷ್ ದೋನ್ಯಾ, ಎಂಟಾಯ್ತು, ಶಾರ್ಟ್‌ಸ್ಟಾಪ್ ಯಾರು. ಪಕ್ಕದ ಕೋಣೆಯಲ್ಲಿ ಅಮ್ಮನ ಕುರ್ಚಿ ಕಿರುಗುಟ್ಟುವುದು ನಿಂತಿತು. ಶಾರ್ಟ್‌ಸ್ಟಾಪ್ — ಅಮ್ಮ, ಬೇಡಮ್ಮ, ನನ್ನನ್ನು ಕೇಳಬೇಡ, ನಾಲಿಗೆಯ ಮೇಲೆ ವ ಅನ್ನುವ ಅಕ್ಷರ ಬಂದು ಕುಳಿತಿದೆ, ಬೆಣಚುಕಲ್ಲು, ಮೊಣಕಾಲಿನ ಮೇಲೆ ನಿಂತವನು, ನಡುರಸ್ತೆಯಲ್ಲಿ ನಿಂತವನು, ದೋನ್ಯಾ, ಲೈನಲ್ಲಿದೀರಾ, ಇದೀನಪ್ಪ, ಪೆಗೆರೊ, ಅಂದೆ, ಲೆಯೊಕಾದಿಯೊ ಪೆಗೆರೊ. ರಾದಾಮೆಸ್ ಏನೋ ಹೊಗಳುತ್ತಿದ್ದಾನೆ, ನನಗೆ ಕೇಳಿಸುತ್ತಿಲ್ಲ, ಆ ಕೋಣೆಯಲ್ಲಿ ಮಾತ್ರ ಕಿವಿ, ಅಲ್ಲಿ ನನ್ನದೇ ದನಿ ತಡವಾಗಿ ಬಂದು, ಪೆಗೆರೊ, ಅನ್ನುತ್ತದೆ, ಆಮೇಲೆ ಊರುಗೋಲಿನ ಸದ್ದು, ನೆಲದ ಮೇಲೆ, ಹೊಸ್ತಿಲ ಮೇಲೆ, ಅಮ್ಮ ನನ್ನ ಎದುರಿಗೆ ನಿಂತಿದ್ದಾಳೆ, ಪೌಡರಿನ ಮೇಲೆ ಬೆವರು ಗೆರೆ ಕೊರೆದಿದೆ, ಕೊಡು ಇಲ್ಲಿ, ಅನ್ನುತ್ತಾಳೆ. ಹೊಡೆಯುತ್ತಾಳೆ ಅಂದುಕೊಂಡೆ, ಈ ವಯಸ್ಸಿನಲ್ಲಿ ನನಗೆ. ಫೋನು ತೆಗೆದುಕೊಂಡು ಎರಡೂ ಕೈಯಲ್ಲಿ ಹಿಡಿದಳು, ಬಾವಿಯೊಳಗೆ ಕೂಗುವವಳ ಹಾಗೆ ಕೂಗಿದಳು, ನಾನು ಉರ್ಸುಲಿನಾ ಮಾತಾಡ್ತಿರೋದು, ಎವಾರಿಸ್ತೊನ ತಾಯಿ. ವಾರೊ, ಕೇಳ್ತಾ ಇದೀಯೇನೋ. ಆ ಜಾಗ ಅವನಿಗೇ ಹೋಯ್ತು ಕಣಪ್ಪ. ನಿಮ್ಮಕ್ಕ ಸರಿಯಾಗೇ ಹೇಳಿದ್ಲು, ಅವನೇ ಚೆನ್ನಾಗಿ ಆಡ್ತಿದ್ದ, ನಂಗೂ ಗೊತ್ತಿತ್ತು, ಆವಾಗ್ಲೇ ಗೊತ್ತಿತ್ತು. ಅದಕ್ಯಾಕೋ ನಾಚಿಕೆ. ಮನೆಗೆ ಬಾ. ಇಷ್ಟು ಹೇಳಿ ಫೋನನ್ನು ನನ್ನ ಕೈಗಿಟ್ಟಳು, ಆಮೇಲೆ ಪಕ್ಕದ ಕೋಣೆಯ ರೇಡಿಯೋ, ತಡವಾಗಿ, ಮನೆಗೆ ಬಾ, ಅಂದಿತು, ಅಮ್ಮ ಥಟ್ಟನೆ ಆ ಕಡೆ ತಿರುಗಿದಳು, ಬೇರೆ ಯಾರೋ ಕರೆದ ಹಾಗೆ, ಸಮುದ್ರದ ಕಡೆಯ ಕಿಟಕಿ ನೋಡಿದಳು, ನಾನೂ ನೋಡಿದೆ, ಕಿಟಕಿಯಲ್ಲಿ ನೀರಿಲ್ಲ, ಬರೀ ತಗಡಿನ ಸೂರು, ಒಗೆದ ಬಟ್ಟೆ, ಆದರೆ ನನ್ನ ಕಣ್ಣಿಗೆ ನೀರೇ, ಸೊಂಟದವರೆಗೆ ನೀರು, ಎದೆಯವರೆಗೆ ನೀರು, ಬಟ್ಟೆ ನೆನೆಯಿತು, ಬ್ರೆಡ್ಡು ನೆನೆಯಿತು, ಕುತ್ತಿಗೆಯವರೆಗೆ ನೀರು, ಮೇಲೆ ಒಂದು ಕೈ, ಕೈಯಲ್ಲಿ ಗ್ಲೌಸು, ಬೆಳಗಿನ ಬೆಳಕು ಬಿದ್ದ ಚರ್ಮ, ಒಂದು ಹನಿಯೂ ತಾಗಿಲ್ಲ, ಎತ್ತಿ ಹಿಡಿದಿದ್ದಾನೆ, ಇನ್ನೂ ಮೇಲಕ್ಕೆ, ಗ್ಲೌಸು, ನೀರಿನ ಮೇಲೆ ಗ್ಲೌಸು