ರೇಯ್ನೋನ ಕೋವಿಯಲ್ಲಿ ಉಳಿದ ಎರಡು ತೋಟಾ

ಮಿಷಿಗನ್ನಿನ ಆ ಉತ್ತರದ ಕಾಡಿನಲ್ಲಿ ನವೆಂಬರ್ ಹದಿನೈದು ಬಂತೆಂದರೆ ಮುಗೀತು, ಗಂಡಸರಿಗೆ ಹೆಂಡತಿ ಮಕ್ಕಳ ನೆನಪೇ ಇರುವುದಿಲ್ಲ. ಜಿಂಕೆ, ಜಿಂಕೆ, ಜಿಂಕೆ. ಸೈಮಾಳ ಗಂಡ ರೇಯ್ನೋ ಅಂಥವರಲ್ಲಿ ಮೊದಲಿಗ. ತನಗಿಂತ ಆ ಹಳೇ ಲಿವರ್ ಕೋವಿಯನ್ನೇ ಅವನು ಹೆಚ್ಚು ಮುದ್ದು ಮಾಡುತ್ತಾನೆ ಅಂತ ಸೈಮಾ ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದಳು. ಸುಳ್ಳೇನಲ್ಲ. ಅದು ಅವನಪ್ಪ ತಾಮ್ರದ ಗಣಿಯಲ್ಲಿ ಬೆನ್ನು ಮುರಿದು ದುಡಿದು ಕೊಂಡ ಕೋವಿ. ಅಪ್ಪ ಮಗ ಇಬ್ಬರೂ ಕೋವಿಯನ್ನು ನಡುಭಾಗದಲ್ಲಿ ಹಿಡಿದು ನಡೆದೂ ನಡೆದೂ ಅಲ್ಲಿನ ಕಪ್ಪು ಸವೆದು ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಕೆನ್ನೆ ಒರಗುವ ಜಾಗದಲ್ಲಿ ಮರ ನುಣ್ಣಗಾಗಿತ್ತು. ತೋಟಾ ಬದಲಿಸಲು ಹಿಡಿಯ ಕೆಳಗಿನ ಲಿವರನ್ನು ಕೆಳಗೆಳೆದು ಮೇಲೊತ್ತಿದರೆ ಚಕ್ ಚಕ್ ಅಂತ ಎರಡೇ ಸದ್ದು. ಆ ಸದ್ದು ಕೇಳೋಕೇ ರೇಯ್ನೋ ಭಾನುವಾರಗಳಲ್ಲಿ ಕೋವಿಗೆ ಎಣ್ಣೆ ಹಾಕುತ್ತಾ ಕೂರುತ್ತಿದ್ದ.

ಹೋದ ವರ್ಷ ಇದೇ ದಿನ ಅದನ್ನು ಹಿಡಿದು ಹೋದವನು ಹೆಣವಾಗಿ ಬಂದ. ಹೃದಯಾಘಾತ. ಈ ವರ್ಷ ಸೈಮಾ ತಾನೇ ಕೋವಿ ಎತ್ತಿಕೊಂಡಳು. ಮೈದುನ ಓನ್ನಿ ಬೇಡವೆಂದ, ಕೇಳಬೇಕಲ್ಲ!

ದಿನವಿಡೀ ಹಿಮದಲ್ಲಿ ಕೂತಿದ್ದು, ಹೊತ್ತು ಇಳಿಯುವಾಗ ಬೇಟೆ ಗುಡಿಸಲಿಗೆ ವಾಪಸಾದಳು. ಓನ್ನಿ ಬಾಗಿಲಲ್ಲೇ ಕಾಫಿ ಹೀರುತ್ತಾ ನಿಂತಿದ್ದ.

“ಏನತ್ತಿಗೆ, ಒಂದು ಗುಂಡೂ ಹಾರಿಸಲಿಲ್ವಾ? ಮರದ ಕೆಳಗೆ ಕೂತು ಸ್ವೆಟರ್ ಹೆಣೀತಿದ್ರಾ ಹೇಗೆ?”

“ನೀನೇನು ಹೊಡ್ಕೊಂಡು ಬಂದೆಯಪ್ಪ? ಜಿಂಕೆ ಬಾಲವಾದ್ರೂ ಇದ್ಯಾ?”

ತೋಟಾ ತುಂಬಿದ ಕೋವಿ ಒಳಗೆ ಬರುವಂತಿಲ್ಲ. ಸೈಮಾ ಜಗಲಿಯಲ್ಲೇ ನಿಂತು ಲಿವರ್ ಎಳೆದಳು. ಒಂದು ತೋಟಾ ಹಲಗೆ ಮೇಲೆ ಬಿತ್ತು. ಇನ್ನೊಂದು ಬಿತ್ತು. ಮೂರನೇ ಸಲ ಎಳೆದರೆ ಏನೂ ಇಲ್ಲ. ನಾಲ್ಕನೇ ಸಲವೂ ಇಲ್ಲ.

“ಬೆಳಿಗ್ಗೆ ಐದು ಹಾಕಿದ್ದೆ, ನೀನೂ ನೋಡ್ತಿದ್ದೆ ಅಲ್ವಾ?”

“ಹೂಂ. ಎಲ್ಲೋ ಬೀಳಿಸ್ಕೊಂಡಿರ್ತೀರಿ.”

ದಿನವಿಡೀ ಒಂದೂ ಹಾರಿಸದಿದ್ದವಳು ನಳಿಗೆಗೆ ಮೂಗು ಒಡ್ಡಿದಳು. ಈಗಷ್ಟೇ ಸುಟ್ಟ ಮದ್ದಿನ ವಾಸನೆ. ಕೈಗವಸು ತೆಗೆದು ಮುಟ್ಟಿದಳು. ನೀರು ಕಲ್ಲಾಗುವ ಆ ಚಳಿಯಲ್ಲಿ ಕಬ್ಬಿಣ ಬೆಚ್ಚಗಿತ್ತು.

“ಓನ್ನಿ, ಇಲ್ಲಿ ಮುಟ್ಟು.”

ಮುಟ್ಟಿದ ಓನ್ನಿಯ ಮುಖ ಇಳಿದುಹೋಯಿತು. “ಮೂರು...” ಅಂದು ಕೈ ಹಿಂದಕ್ಕೆಳೆದುಕೊಂಡ.

ಮೂರರ ಅರ್ಥ ಅಲ್ಲಿನ ಮಕ್ಕಳಿಗೂ ಗೊತ್ತು. ಕಾಡಲ್ಲಿ ಸಿಕ್ಕಿಬಿದ್ದವನು ಒಂದೇ ಅಂತರ ಕೊಟ್ಟು ಮೂರು ಗುಂಡು ಹಾರಿಸುತ್ತಾನೆ. ಕೇಳಿದವರು ಒಂದು ಹಾರಿಸಬೇಕು: ಕೇಳಿಸಿತು, ಬರ್ತಾ ಇದ್ದೀವಿ ಅಂತ. ಹೋದ ವರ್ಷ ಇದೇ ಹೊತ್ತಿಗೆ ಸೀಡರ್ ಮರಗಳ ಜೌಗಿನ ಕಡೆಯಿಂದ ಗುಡಿಸಲಲ್ಲಿದ್ದ ಅವರಿಬ್ಬರಿಗೂ ಮೂರು ಗುಂಡು ಕೇಳಿತ್ತು. ಗುರಿ ತಪ್ಪಿದವನ ಅಂಗಿಯ ಹಿಂಬದಿ ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ಅವರ ವಾಡಿಕೆ. “ಒಂದು ಜಿಂಕೆಗೆ ಮೂರು ಗುಂಡಂತೆ! ತೆಗೀರಿ ಅತ್ತಿಗೆ ಕತ್ತರಿ,” ಅಂದಿದ್ದ ಓನ್ನಿ. ಸೈಮಾ ಬಿದ್ದು ಬಿದ್ದು ನಗುತ್ತಾ ಕತ್ತರಿ ಹುಡುಕಿದ್ದಳು. ಇಬ್ಬರಲ್ಲಿ ಒಬ್ಬರೂ ಉತ್ತರದ ಗುಂಡು ಹಾರಿಸಲಿಲ್ಲ. ರೇಯ್ನೋ ಆಮೇಲೂ ಒಂದು ಗಂಟೆ ಬದುಕಿದ್ದಿರಬೇಕು ಅಂದರು ಡಾಕ್ಟರು. ಗುಡಿಸಲಿನ ಕಡೆಗೇ ಮುಖ ಮಾಡಿ ಕೂತಿದ್ದ. ಅಯ್ಯೋ, ಆ ಒಂದು ಗಂಟೆ ಸೈಮಾಳನ್ನು ವರ್ಷವಿಡೀ ತಿಂದಿತ್ತು.

ಅವಳು ಬಗ್ಗಿ ಎರಡೂ ತೋಟಾ ಆರಿಸಿ ಕೋವಿಗೆ ತುರುಕಿದಳು.

“ಬೇಡ ಅತ್ತಿಗೆ! ಒಳಗೆ ಬನ್ನಿ, ನಿಮ್ಮ ದಮ್ಮಯ್ಯ.”

ಚಕ್ ಚಕ್. ಆಕಾಶಕ್ಕೆ ಒಂದು ಗುಂಡು ಹಾರಿಸಿದಳು. ಸದ್ದು ಜೌಗಿನಾಚೆ ಹೋಗಿ ಸತ್ತಿತು. ಒಂದು ಹಕ್ಕಿಯೂ ಉಸಿರೆತ್ತಲಿಲ್ಲ. ಆಮೇಲೆ ಸೀಡರ್ ಮರಗಳ ಕಡೆಯಿಂದ, ಕಾಫಿ ತಡವಾದರೆ ಗೊಣಗುತ್ತಿದ್ದ ರೇಯ್ನೋನ ಅದೇ ದನಿ ಬಂತು.

“ಎಷ್ಟು ಹೊತ್ತೇ ಸೈಮಾ! ಕಾಲೆಲ್ಲಾ ಮರಗಟ್ಟಿಹೋಯ್ತು.”

ಓನ್ನಿ ಅವಳ ತೋಳು ಗಟ್ಟಿಯಾಗಿ ಹಿಡಿದುಕೊಂಡ. “ಹೋಗ್ಬೇಡಿ. ಅದು ಅಣ್ಣ ಅಲ್ಲ.”

ಅಲ್ಲದೆಯೂ ಇರಬಹುದು ಅನ್ನುವುದು ಸೈಮಾಳಿಗೂ ಹೊಳೆಯಿತು.

“ಅಲ್ಲದಿದ್ರೆ ಅಲ್ಲದಿರಲಿ. ಒಂದು ಸಲ ಕರೆದಾಗ ನಗ್ತಾ ಕೂತಿದ್ದೆ, ಸಾಕು,” ಅಂದವಳೇ ಕೈ ಕೊಸರಿಕೊಂಡು ಹಿಮಕ್ಕಿಳಿದಳು.